ಗೋಡೆಯ ಪಹಣಿ

ದಲ್ಲಾಳಿ ಅಚ್ಚಯ್ಯ ಬರೆದುಕೊಟ್ಟ ಚೀಟಿ ಹಿಡಿದು
ಮೂರು ದಿನ ಟ್ರಂಕು ಕೆದಕಿದೆ.
ಮೊದಲು ಸಿಕ್ಕಿದ್ದು ಕ್ರಯಪತ್ರ,
ಮೂಲೆ ಇಲಿ ತಿಂದಿದೆ, ಸಹಿ ತಿಂದಿಲ್ಲ.
ಆಮೇಲೆ ಮೂಲಪತ್ರ, ಚಾಕೋ ಮಾಸ್ತರರಿಗೆ
ಯಾರೋ ಮೇದಪ್ಪನವರು ಮಾರಿದ್ದು,
ಛಾಪಾ ಕಾಗದ ಒಣಗಿದ ಬಾಳೆಪಟ್ಟೆಯ ಹಾಗೆ,
ಬಿಡಿಸಿದರೆ ಸದ್ದು.

ಋಣಭಾರ ಪತ್ರಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸು,
ಖಾತೆಗೆ, ನಮೂನೆ ಮೂರಕ್ಕೆ ನಗರಸಭೆ,
ಕಂದಾಯದ ರಸೀದಿ ಹದಿನೇಳು ವರ್ಷದ್ದು,
ನಡುವೆ ಒಂದು ವರ್ಷ ಇಲ್ಲ.
ಕೌಂಟರಿನ ಹುಡುಗಿ ಕೇಳಿದಳು:
"ಕಟ್ಟಿಲ್ವಾ, ಕಳ್ಕೊಂಡ್ರಾ?"
ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ.
ಇಪ್ಪತ್ತೊಂಬತ್ತು ವರ್ಷ, ಮಡಿಕೇರಿ ಡಿಪೋ,
ಭಾಗಮಂಡಲದ ಬಸ್ಸಿನಲ್ಲಿ
ಕೇಳುವವನು ನಾನಾಗಿದ್ದೆ.

ಸೊಸೈಟಿ ಸಾಲ ತೀರಿದ ಪತ್ರ, ಕರೆಂಟು ಬಿಲ್ಲು,
ನೀರಿನ ಬಿಲ್ಲು, ನಕ್ಷೆ. ನಕ್ಷೆಯಲ್ಲಿ
ನಮ್ಮ ಮನೆ ಚಪ್ಪಟೆ. ನಲವತ್ತೆರಡು ಮೆಟ್ಟಿಲು
ಬೆರಳಗಲದಲ್ಲಿ ಒತ್ತಿಟ್ಟ ಗೆರೆಗಳು.
ಅವುಗಳ ಎತ್ತರ ದಮಯಂತಿಯ ಮೊಣಕಾಲಿಗೆ ಗೊತ್ತು,
ಆ ಮೊಣಕಾಲಿಗಾಗಿಯೇ ಕುಶಾಲನಗರದ ಸಮತಟ್ಟಿಗೆ
ನಾವು ಇಳಿಯುತ್ತಿರುವುದು.

ಭಾನುವಾರ ಬಂದರು. ಗಾರೆ ಕೆಲಸದ ಮೊಯ್ದು,
ಅಂಗನವಾಡಿಯ ಸಫಿಯಾ, ಸುಂಟಿಕೊಪ್ಪದವರು.
ಆಕೆ ಹಾಳೆ ಹಾಳೆ ಮಗುಚಿ
ಮಕ್ಕಳ ತಲೆ ಎಣಿಸುವ ಹಾಗೆ ಎಣಿಸಿದಳು.
ನನ್ನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ ಎಂದಳು.
ಹೌದು, ತಪ್ಪಿದೆ.
ಕೊನೆಗೆ ಕಡತ ಮುಚ್ಚಿ, ಹೊರಡುವ ಮಾತಿನ ಹಾಗೆ,
"ಕೊಡೋದು ಇನ್ನೇನೂ ಇಲ್ಲ ಅಲ್ವಾ ಅಂಕಲ್?"

"ಏನಿಲ್ಲ" ಎಂದ ಅಚ್ಚಯ್ಯ.

ಚಾಕೋ ಮಾಸ್ತರರೂ ಅವತ್ತು ಹಾಗೇ ಅಂದಿದ್ದರು.
ಒಳ್ಳೆಯವರು, ಒಂದು ಬಾಟಲಿ ಮನೆಯ ವೈನು ಕೊಟ್ಟು ಹೋದವರು.
ಕ್ಯಾಲೆಂಡರು ಮಾತ್ರ ಗೋಡೆಯಲ್ಲೇ ಬಿಟ್ಟಿದ್ದರು.
ಜೂನಿನಲ್ಲಿ ಅದರ ಹಿಂದಿನಿಂದ ನೀರು ಬಂತು.
ನಾನು ಇಟ್ಟದ್ದು ಅಲ್ಮೇರಾ.
ಕ್ಯಾಲೆಂಡರಿಗಿಂತ ದೊಡ್ಡದು.

"ಮೊಯ್ದು, ಇಲ್ಲಿ ಸ್ವಲ್ಪ ಕೈ ಹಾಕು" ಎಂದೆ.
ಎಳೆದೆವು. ನೆಲ ಕಿರುಚಿತು.
ಅಚ್ಚಯ್ಯ ಫೋನು ಬಂದವನಂತೆ ಅಂಗಳಕ್ಕೆ ನಡೆದ.

ದಿಬ್ಬದ ಕಡೆಯ ಗೋಡೆ. ಕಿಟಕಿಯ ಮೂಲೆಯಿಂದ
ಓರೆಯಾಗಿ ಇಳಿದ ಬಿರುಕು.
ಅದಕ್ಕೆ ಅಡ್ಡಲಾಗಿ ನನ್ನ ಪೆನ್ಸಿಲ್ ಗೆರೆಗಳು:
ಹದಿನೆಂಟು, ಆಗಸ್ಟ್. ಕೂದಲು.
ಹತ್ತೊಂಬತ್ತು, ಆಗಸ್ಟ್. ಟಿಕೆಟ್ ಹೋಗುತ್ತದೆ.
ಇಪ್ಪತ್ತೆರಡು. ಮಡಿಸಿದ ಟಿಕೆಟ್.
ಆಮೇಲೆ ಹಾಗೇ ಇದೆ. ಎಂಟಾಣೆ ಹೋಗುವುದಿಲ್ಲ,
ಪ್ರತಿ ಮಳೆಗಾಲ ಕಳೆದ ಮೇಲೆ ತುರುಕಿ ನೋಡುತ್ತೇನೆ.
"ಇದಕ್ಕೆ ಯಾವ ಆಫೀಸಿನ ಸೀಲೂ ಇಲ್ಲ" ಎಂದೆ.
ನನ್ನ ಸ್ವರ, ಚೆಕಿಂಗಿನಲ್ಲಿ ಟಿಕೆಟಿಲ್ಲದೆ
ಸಿಕ್ಕಿಬಿದ್ದವನದು.

ಮೊಯ್ದು ಉಗುರು ಇಟ್ಟ. ಕಿವಿ ಇಟ್ಟ.
ಹೊರಗೆ ಹೋಗಿ ಚರಂಡಿ ನೋಡಿದ, ದಿಬ್ಬ ನೋಡಿದ,
ಮೇಲಿನವರ ಹಲಸಿನ ಮರ ಯಾವ ಕಡೆಗೆ ವಾಲಿದೆ ಎಂದು ನೋಡಿದ.
ಬಂದ. ಮಾತಿಲ್ಲ.
ಸಫಿಯಾ ಕಡತವನ್ನು ಎದೆಗೊತ್ತಿಕೊಳ್ಳದೆ
ಮೇಜಿಗೂ ಇಡದೆ ನಡುವೆ ಹಿಡಿದಿದ್ದಳು.
ದಮಯಂತಿ ಬೆಲ್ಲದ ಕಾಫಿ ತಂದಳು,
ನನ್ನ ಮುಖ ನೋಡಲಿಲ್ಲ.

ಮೊಯ್ದು ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು
ನನ್ನ ಕೊನೆಯ ಗೆರೆಯ ಕೆಳಗೆ
ಇವತ್ತಿನ ತಾರೀಖು ಬರೆದ.

ಕಾಫಿ ಕುಡಿದರು. ಮುಂಗಡದ ಮಾತು ಯಾರೂ ಎತ್ತಲಿಲ್ಲ.
ಇಳಿಯುವಾಗ ಆಕೆ ಮೆಟ್ಟಿಲು ಎಣಿಸುವುದು ಕೇಳಿಸಿತು,
ಮಲಯಾಳದಲ್ಲಿ. ಮೂವತ್ತರ ಹತ್ತಿರ ಗಾಳಿ ಬಂತು,
ಉಳಿದದ್ದು ಕೇಳಿಸಲಿಲ್ಲ.

ಅಲ್ಮೇರಾ ಕೋಣೆಯ ನಡುವೆಯೇ ನಿಂತಿದೆ,
ಓಡಾಡುವ ದಾರಿಗೆ ಅಡ್ಡ.
ಇರಲಿ ಬಿಡಿ ಎಂದಳು ದಮಯಂತಿ,
ಸುತ್ತಿಕೊಂಡು ಹೋದಳು.